ಮೊಹರಪ್ಪನಿಗೆ ಬಂದ ಪ್ರೊಪಿಂಕ್ವಿಟಿ

ಹೆಂಡತಿ ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅಂಗಿ ಅವನ ಮೈಮೇಲೇ ಇತ್ತು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದುದರಿಂದ ಅವಳು ಮಾತಾಡುವಂತಿರಲಿಲ್ಲ. ಸೂಜಿ ಎದೆಯಿಂದ ಎರಡು ಬೆರಳು ದೂರದಲ್ಲಿ ಓಡಾಡುತ್ತಿದ್ದುದರಿಂದ ಅವನೂ ಮಾತಾಡುವಂತಿರಲಿಲ್ಲ. ಬೆಳಗಿನ ಐದೂವರೆ. ಹಾಲಿನವನ ಸೈಕಲ್ಲಿನ ಸದ್ದು ಬಿಟ್ಟರೆ ಬೀದಿಯೂ ಸುಮ್ಮನಿತ್ತು. ಆ ವಾರ ಕಿತ್ತುಬಂದ ಮೂರನೆಯ ಗುಂಡಿ ಅದು. ಅಂಗಿ ಹೊಸದು, ದಾರ ಗಟ್ಟಿ. ಗುಂಡಿ ಹೇಗೆ ಕಿತ್ತುಬರುತ್ತದೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮದುವೆಯಾಗಿ ಹನ್ನೊಂದು ತಿಂಗಳಾದ ಗಂಡ ಹೆಂಡತಿಗೆ ಇಷ್ಟು ಹತ್ತಿರ ನಿಲ್ಲಲು ದಿನಕ್ಕೆ ನಾಲ್ಕೇ ನಿಮಿಷ ಸಿಗುತ್ತಿದ್ದರೆ ಪಾಪ, ಗುಂಡಿಯಾದರೂ ಏನು ಮಾಡೀತು?

ಅವನು ತೂಕ ಮತ್ತು ಅಳತೆ ಕಚೇರಿಯಲ್ಲಿ ಮೊಹರು ಹಾಕುವವನು. ಊರಿನ ಅಂಗಡಿಗಳ ತೂಕದ ಕಲ್ಲು, ತಕ್ಕಡಿ, ಲೀಟರಿನ ಪಾತ್ರೆ ಎಲ್ಲವೂ ವರ್ಷಕ್ಕೊಮ್ಮೆ ಅವನ ಮೇಜಿಗೆ ಬರಬೇಕು. ಸರಿಯಿದ್ದರೆ ಸುತ್ತಿಗೆಯಿಂದ ಟಣ್ಣೆಂದು ಒಂದು ಮುದ್ರೆ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು, ಜನರ ಬಾಯಲ್ಲಿ ಅವನು ಮೊಹರಪ್ಪನಾಗಿದ್ದ.

ಕಚೇರಿ ಊರಿನ ಆ ತುದಿ, ಮನೆ ಈ ತುದಿ. ಎರಡು ಬಸ್ಸು, ಮೇಲೆ ಒಂದು ಮೈಲಿ ನಡಿಗೆ. ಆರಕ್ಕೆ ಹೊರಟವನು ಮರಳುವಾಗ ಸಂಜೆ ಏಳು. ಅವಳಿಗೆ ಬಟ್ಟೆ ಒಗೆಯುವ ಕಂಪನಿಯೊಂದರಲ್ಲಿ ಇಸ್ತ್ರಿ ಕೆಲಸ. ಮಧ್ಯಾಹ್ನ ಮೂರಕ್ಕೆ ಹೋದರೆ ಬರುವಷ್ಟರಲ್ಲಿ ಇವನು ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ ಹೋಗಿರುತ್ತಿದ್ದ. ಹೇಳಬೇಕಾದ್ದನ್ನೆಲ್ಲ ಇಬ್ಬರೂ ಚೀಟಿ ಬರೆದು ಸಕ್ಕರೆ ಡಬ್ಬಿಯ ಕೆಳಗಿಡುತ್ತಿದ್ದರು. ‘ಸೋಪು ಮುಗಿದಿದೆ’ ಎಂಬ ಚೀಟಿಯನ್ನು ಅವನು ಎರಡು ದಿನ ಎದೆಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದುಂಟು. ಸೋಪನ್ನು ಮಾತ್ರ ತಂದಿರಲಿಲ್ಲ.

ಹೀಗಿರುವಾಗ ಅವರ ಮನೆಯ ಹಿಂದಿನ ಬೀದಿಯಲ್ಲಿದ್ದ ಶಾಖೆಯಲ್ಲಿ ಮೊಹರಿನವನ ಜಾಗ ಖಾಲಿಯಾಯಿತು. ಆ ಜಾಗ ಸಿಕ್ಕರೆ ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದು, ಹೆಂಡತಿಯ ಪಕ್ಕದಲ್ಲಿ ಕೂತು ಊಟ ಮಾಡಿ, ಎರಡಕ್ಕೆ ವಾಪಸು ಹೋಗಬಹುದು. ಮೊಹರಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ, ದಿನಕ್ಕೊಂದು ಗಂಟೆ. ಆದರೆ ಶುಕ್ರವಾರದೊಳಗೆ ವರ್ಗಾವಣೆಯ ಅರ್ಜಿ ಮಂಜೂರಾಗಬೇಕು. ಇಲ್ಲದಿದ್ದರೆ ಆ ಕುರ್ಚಿಗೆ ಬೇರೆ ಯಾರೋ.

ಅರ್ಜಿಯ ಫಾರಮ್ಮಿನಲ್ಲಿ ‘ಕಾರಣ’ ಎಂಬ ಕಾಲಮ್ಮು ಒಂದೂವರೆ ಅಂಗುಲ. ಅದರೊಳಗೆ ಒಂದೇ ಒಂದು ಪದ ಬರೆಯಬೇಕು. ಗೆರೆ ದಾಟಿದರೆ ಹೆಡ್‌ಕ್ಲರ್ಕು ಫಾರಮ್ಮನ್ನು ಹರಿದು ಮೂಗು ಒರೆಸಿಕೊಳ್ಳುತ್ತಿದ್ದರು. ಮೊಹರಪ್ಪ ಮೊದಲ ಸಲ ‘ಹತ್ತಿರ’ ಎಂದು ಬರೆದುಕೊಟ್ಟಿದ್ದ.

“ಹತ್ತಿರ ಅನ್ನೋದು ಕಾರಣ ಅಲ್ಲ ಕಣಯ್ಯ, ಅದು ಆಸೆ,” ಎಂದಿದ್ದರು ಹೆಡ್‌ಕ್ಲರ್ಕು. “ನನಗೂ ಮನೆ ಹತ್ತಿರ ಬೇಕು. ಸಾಹೇಬರಿಗೂ ಬೇಕು. ತೂಕ ಇರೋ ಕಾರಣ ತಗೊಂಡು ಬಾ, ಹೋಗು.”

ಜೀವನವಿಡೀ ತೂಕದಲ್ಲೇ ಕಳೆದವನಿಗೆ ತೂಕದ ಕಾರಣ ತಾ ಎಂದರೆ ಎಲ್ಲಿಗೆ ಹೋಗಬೇಕು? ಭಾನುವಾರ ಅವನಿಗೆ ರಜೆ, ಹೆಂಡತಿಗೆ ಇಡೀ ದಿನದ ಕೆಲಸ. ಅವನೊಬ್ಬನೇ ಮಾವನ ಮನೆಗೆ ಹೋದ.

ಮಾವ ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅಳಿಯನ ಕಷ್ಟ ಕೇಳಿ, ಕನ್ನಡಕ ಒರೆಸಿ, ಕಣ್ಣು ಮುಚ್ಚಿಕೊಂಡರು.

“ಅಳಿಯಂದಿರೇ, ಹತ್ತಿರ ಅನ್ನೋದಕ್ಕೆ ಇಂಗ್ಲಿಷಲ್ಲಿ ‘ನಿಯರ್’ ಅಂತ ಇದೆ. ಅದು ಬೇಡ, ಬಸ್ಸಿನ ಕಂಡಕ್ಟರೂ ಅದನ್ನ ಕೂಗ್ತಾನೆ. ‘ಪ್ರಾಕ್ಸಿಮಿಟಿ’ ಅಂತ ಇದೆ. ಇಂಜಿನಿಯರುಗಳು ಮುಟ್ಟಿ ಮುಟ್ಟಿ ಸವೆಸಿಬಿಟ್ಟಿದ್ದಾರೆ. ಆದರೆ...” ಮಾವ ಕಣ್ಣು ಬಿಟ್ಟರು. “ಪ್ರೊಪಿಂಕ್ವಿಟಿ.”

“ಏನದು?”

“ಪ್ರೊ. ಪಿಂ. ಕ್ವಿ. ಟಿ. ನನ್ನ ಸರ್ವಿಸಿನಲ್ಲಿ ಎರಡೇ ಸಲ ಕೈಗೆ ಬಂದಿದೆ. ಎರಡು ಸಲವೂ ಕುರ್ಚಿಯಿಂದ ಎದ್ದು ನಿಂತೆ. ಬರೀ ಹತ್ತಿರ ಇರೋದಷ್ಟೇ ಅಲ್ಲ, ಹತ್ತಿರದವರಾಗೋದೂ ಅದರಲ್ಲೇ ಸೇರಿದೆ. ನಂಟಸ್ತನವೂ ಹೌದು, ನೆರೆಹೊರೆಯೂ ಹೌದು.”

ಮೊಹರಪ್ಪ ಅದನ್ನು ಏಳು ಸಲ ಬರೆದು ಕಲಿತ.

“ಒಂದು ಮಾತು,” ಎಂದು ಮಾವ ಬೆರಳೆತ್ತಿದರು. “ಅರ್ಥ ಕೇಳಿದವರಿಗೆಲ್ಲ ಹೇಳಿಬಿಡಬೇಡಿ. ಅರ್ಥ ಹೇಳಿದ ತಕ್ಷಣ ದೊಡ್ಡ ಪದ ಸಣ್ಣದಾಗಿಬಿಡುತ್ತೆ.”

ಅನಾಹುತಕ್ಕೆ ಇಷ್ಟು ಸಾಕಾಯಿತು.

ಸೋಮವಾರ ಅರ್ಜಿ ಹೆಡ್‌ಕ್ಲರ್ಕರ ಮೇಜು ಸೇರಿತು. ಅವರು ಕಾಲಮ್ಮನ್ನು ನೋಡಿದರು. ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿ ನೋಡಿದರು. ಆ ಕಚೇರಿಯ ಅರ್ಜಿಗಳಲ್ಲಿ ಉದ್ದದ ಇಂಗ್ಲಿಷ್ ಪದ ಬರುತ್ತಿದ್ದದ್ದು ಒಂದೇ ಕಡೆ, ಡಾಕ್ಟರ ಸರ್ಟಿಫಿಕೇಟಿನಲ್ಲಿ. ಮೂವತ್ತು ವರ್ಷದಲ್ಲಿ ಅವರು ಕಂಡ ಹತ್ತು ಅಕ್ಷರಕ್ಕೆ ಮೇಲ್ಪಟ್ಟ ಇಂಗ್ಲಿಷ್ ಪದವೆಲ್ಲ ಕಾಯಿಲೆಯೇ ಆಗಿತ್ತು. ಉದ್ದ ಹೆಚ್ಚಿದಷ್ಟೂ ಕಾಯಿಲೆ ಕೆಟ್ಟದ್ದು. ಅನುಭವ ಸುಳ್ಳು ಹೇಳುವುದುಂಟೆ? ಅವರು ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

“ಇದು... ನಿನಗೇನಾ?”

“ನನಗೇ ಸಾರ್,” ಎಂದ ಮೊಹರಪ್ಪ ಹೆಮ್ಮೆಯಿಂದ.

“ಯಾವಾಗಿಂದ?”

“ಮದುವೆ ಆದಾಗಿಂದ. ಅದಕ್ಕೆ ಮುಂಚೆ ಇದರ ಯೋಚನೆಯೇ ಇರಲಿಲ್ಲ.”

“ಮನೆಯವರಿಗೂ ಇದೆಯೇನು?”

“ಅವಳಿಗೆ ನನಗಿಂತ ಜಾಸ್ತಿ ಸಾರ್. ಬಾಯಿಬಿಟ್ಟು ಹೇಳಲ್ಲ ಅಷ್ಟೇ.”

ಹೆಡ್‌ಕ್ಲರ್ಕು ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು. “ಅಂದರೆ ಇದು ಏನಾಗುತ್ತಯ್ಯ, ಸರಿಯಾಗಿ ಹೇಳು.”

ಮೊಹರಪ್ಪನಿಗೆ ಮಾವನ ಬೆರಳು ನೆನಪಾಯಿತು. ಅವನು ಕಿಟಕಿಯಾಚೆ ನೋಡಿ, “ಹೇಳಿದರೆ ಅರ್ಥ ಆಗಲ್ಲ ಸಾರ್. ಅನುಭವಿಸಬೇಕು,” ಎಂದ.

ಅವನು ಬಾಗಿಲು ದಾಟುವ ಮುಂಚೆಯೇ ಹೆಡ್‌ಕ್ಲರ್ಕು ಅರ್ಜಿಯನ್ನು ಎರಡು ಸ್ಕೇಲುಗಳ ಮಧ್ಯೆ ಹಿಡಿದೆತ್ತಿ ‘ವೈದ್ಯಕೀಯ’ ಎಂಬ ಫೈಲಿಗೆ ಇಳಿಬಿಟ್ಟು, ಕೈ ತೊಳೆಯಲು ಹೋದರು.

ಅಲ್ಲಿಂದ ಸುದ್ದಿಗೆ ಕಾಲು ಬಂತು. ಕಚೇರಿಯ ಜವಾನ ಮೊಹರಪ್ಪನ ಬೀದಿಯಲ್ಲೇ ಇರುವವನು. ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದ ಮನುಷ್ಯ. ಸಂಜೆ ಮೊಹರಪ್ಪ ಮನೆ ಮುಟ್ಟುವ ಹೊತ್ತಿಗೆ ಪ್ರೊಪಿಂಕ್ವಿಟಿ ಅವನಿಗಿಂತ ಮುಂಚಿನ ಬಸ್ಸಿನಲ್ಲಿ ಬಂದಿಳಿದಿತ್ತು.

ಆರು ಮನೆಗೆ ಒಂದೇ ನಲ್ಲಿ ಇದ್ದ ಅಂಗಳ ಅದು. ಮಂಗಳವಾರ ಬೆಳಿಗ್ಗೆ ಹೆಂಡತಿ ಕೊಡ ಹಿಡಿದು ಹೋದರೆ ಸಾಲಿನಲ್ಲಿದ್ದ ಐವರೂ ಸರಕ್ಕನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಮೊದಲು ನೀನು ಹಿಡಕೋ ಮಗಳೇ,” ಎಂದರು ಎದುರುಮನೆ ದೊಡ್ಡಮ್ಮ ನಾಲ್ಕು ಮಾರು ದೂರದಿಂದ. ನಿನ್ನೆಯವರೆಗೆ ಅರ್ಧ ಕೊಡಕ್ಕೆ ಅರ್ಧ ಗಂಟೆ ಜಗಳವಾಡುತ್ತಿದ್ದ ದೊಡ್ಡಮ್ಮ ಅವರೇ.

“ಯಾಕೆ ದೊಡ್ಡಮ್ಮ, ನಿಮ್ಮ ಸರದಿಯಲ್ಲವಾ?”

“ಸರದಿ ಏನು ದೊಡ್ಡದು! ಆರೋಗ್ಯ ದೊಡ್ಡದು. ಗಂಡ ಹೇಗಿದ್ದಾನೆ? ಊಟ ತಿಂಡಿ ಸೇರುತ್ತಾ?”

“ಚೆನ್ನಾಗೇ ತಿಂತಾರೆ.”

“ತಿನ್ನಲಿ, ತಿನ್ನಲಿ. ಇರುವಷ್ಟು ದಿನ ತಿನ್ನಲಿ,” ಎಂದು ದೊಡ್ಡಮ್ಮ ಕಣ್ಣು ಒರೆಸಿಕೊಂಡರು.

ಹೆಂಡತಿ ಮೂರು ಕೊಡ, ಎರಡು ಬಕೆಟ್ಟು, ಒಂದು ಕೊಳಗ ತುಂಬಿಸಿಕೊಂಡಳು. ಜನ ಒಳ್ಳೆಯವರಾದಾಗ ಕಾರಣ ಕೇಳುವುದು ಅವಳ ಸ್ವಭಾವವಲ್ಲ. ‘ಇವತ್ತು ನೀರು ಚೆನ್ನಾಗಿ ಬಂತು’ ಎಂದು ಬರೆದು ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ಮೊಹರಪ್ಪನಿಗೂ ಅಂದು ಒಳ್ಳೆಯ ದಿನ. ಜವಾನ ಬಸ್ಸಿನಲ್ಲಿ ಕಂಡಕ್ಟರನ ಕಿವಿಯಲ್ಲಿ ಏನೋ ಊದಿದ್ದೇ ತಡ, ಮೂವರು ಕೂರುವ ಸೀಟು ಇವನೊಬ್ಬನಿಗೇ ಸಿಕ್ಕಿತು. ಕಚೇರಿಯಲ್ಲಿ ಟೀಯನ್ನು ಉದ್ದದ ಹಲಗೆಯ ಮೇಲಿಟ್ಟು ಅವನ ಮೇಜಿಗೆ ನೂಕಿದರು. ಟೈಪಿಸ್ಟಮ್ಮ ತನ್ನ ಯಂತ್ರವನ್ನು ಎತ್ತಿಕೊಂಡು ಹೋಗಿ ಬಚ್ಚಲಿನ ಬಾಗಿಲಲ್ಲಿ ಕೂತಳು. ಮಾವ ಹೇಳಿದ್ದು ನಿಜ, ಒಂದು ದೊಡ್ಡ ಪದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಮೊಹರಪ್ಪ ಉಬ್ಬಿಹೋದ.

ಬುಧವಾರ ಸಾಹೇಬರು ಅವನನ್ನು ಕಚೇರಿಯ ಡಾಕ್ಟರ ಬಳಿಗೆ ಕಳಿಸಿದರು. ವರ್ಗಾವಣೆಗೆ ಮುಂಚೆ ದೇಹ ಪರೀಕ್ಷೆ ಇರುತ್ತದೆ ಎಂದುಕೊಂಡು ಅವನು ಶಿಳ್ಳೆ ಹಾಕುತ್ತ ಹೋದ.

ಡಾಕ್ಟರಿಗೆ ಎಪ್ಪತ್ತು ವರ್ಷ. ಗೊತ್ತಿಲ್ಲ ಎಂಬ ಮಾತನ್ನು ರೋಗಿಯ ಮುಂದೆ ಒಮ್ಮೆಯೂ ಆಡಿದವರಲ್ಲ. ಸಾಹೇಬರು ಕಳಿಸಿದ ಚೀಟಿಯಲ್ಲಿದ್ದ ಪದವನ್ನು ಓದಿ, “ಹೂಂ,” ಎಂದರು. ಅವನ ನಾಲಿಗೆ ನೋಡಿದರು. ಮಂಡಿಗೆ ಬಡಿದರು. ಬೆನ್ನಿಗೆ ಕಿವಿಯಿಟ್ಟರು.

“ಈ ತಿಂಗಳಲ್ಲಿ ಇದು ಸ್ವಲ್ಪ ಜಾಸ್ತಿನೇ,” ಎಂದರು. “ಯಾವ ಹೊತ್ತಲ್ಲಿ ಕಾಡುತ್ತೆ?”

“ಮಧ್ಯಾಹ್ನ ಊಟದ ಹೊತ್ತಿಗೆ ಡಾಕ್ಟ್ರೇ. ಒಬ್ಬನೇ ಕೂತು ಡಬ್ಬಿ ಬಿಚ್ಚಿದಾಗ ಇಲ್ಲಿ ಹಿಂಡಿದ ಹಾಗಾಗುತ್ತೆ,” ಎಂದು ಎದೆ ತೋರಿಸಿದ.

“ಆಗಲೇಬೇಕು. ಪುಸ್ತಕದಲ್ಲಿ ಹಾಗೇ ಇದೆ,” ಎಂದ ಡಾಕ್ಟರು ಸರ್ಟಿಫಿಕೇಟು ಬರೆದರು: ‘ಹಳೆಯ ಪ್ರೊಪಿಂಕ್ವಿಟಿ. ರೋಗಿಯನ್ನು ಜನರಿಂದ, ಮುಖ್ಯವಾಗಿ ಕುಟುಂಬದಿಂದ, ಆದಷ್ಟು ದೂರ ಇಡತಕ್ಕದ್ದು.’ ಮಡಚಿ, ಅಂಟಿಸಿ, ಕೈಗೆ ಕೊಟ್ಟರು. ತೆರೆದು ನೋಡುವ ಮನುಷ್ಯನಲ್ಲ ಮೊಹರಪ್ಪ. ಹಾಗೆಯೇ ಒಯ್ದು ಸಾಹೇಬರ ಮೇಜಿನ ಮೇಲಿಟ್ಟ.

ಅದೇ ಸಂಜೆ ಆರ್ಡರು ಹೊರಬಿತ್ತು. ಊರಾಚೆ, ರದ್ದಾದ ತೂಕದ ಕಲ್ಲುಗಳನ್ನು ಗುಡ್ಡೆ ಹಾಕಿದ್ದ ಗೋದಾಮೊಂದಿತ್ತು. ಬಸ್ಸಿಲ್ಲ, ಜನರಿಲ್ಲ, ಇದ್ದದ್ದು ತುಕ್ಕು ಮತ್ತು ಹಲ್ಲಿ. ಮೊಹರಪ್ಪ ಶುಕ್ರವಾರ ಅಲ್ಲಿಗೆ ಹೋಗಿ, ಮುಂದಿನ ಆದೇಶದವರೆಗೆ ಅಲ್ಲೇ ವಾಸವಾಗಿರತಕ್ಕದ್ದು.

ಹತ್ತಿರ ಬೇಕೆಂದು ಕೇಳಿದವನಿಗೆ ಇಲಾಖೆಯ ಬಳಿ ಇದ್ದ ಅತ್ಯಂತ ದೂರ ಸಿಕ್ಕಿತ್ತು.

ಆರ್ಡರು ಹಿಡಿದು ಅವನು ಮನೆಯ ಮೆಟ್ಟಿಲ ಮೇಲೆ ಕುಸಿದ. ಆ ದಿನ ಕಂಪನಿಯಲ್ಲಿ ಕರೆಂಟು ಹೋಗಿದ್ದರಿಂದ ಹೆಂಡತಿ ಬೇಗ ಮನೆಗೆ ಬಂದಿದ್ದಳು. ಅವಳು ಆರ್ಡರನ್ನು ಓದಿದಳು. ಜೊತೆಗೆ ಪಿನ್ನು ಚುಚ್ಚಿದ್ದ ಸರ್ಟಿಫಿಕೇಟಿನ ನಕಲನ್ನೂ ಓದಿದಳು. ಆಮೇಲೆ ಭಾನುವಾರ ಅವನು ಅಪ್ಪನ ಪದವನ್ನು ಅರ್ಥದ ಸಮೇತ ಬರೆದಿಟ್ಟಿದ್ದ ಚೀಟಿ, ನಲ್ಲಿಯ ಸಾಲು, ದೊಡ್ಡಮ್ಮನ ಕಣ್ಣೀರು ಎಲ್ಲವನ್ನೂ ಒಂದೊಂದಾಗಿ ಜೋಡಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ನಗ್ತೀಯಲ್ಲೇ! ನನ್ನನ್ನ ಹಲ್ಲಿಗಳ ಜೊತೆ ಸಂಸಾರ ಮಾಡು ಅಂತ ಕಳಿಸ್ತಿದ್ದಾರೆ!”

“ರೀ, ನೀವು ಅರ್ಥ ಯಾರಿಗೂ ಹೇಳಲೇ ಇಲ್ವಾ?”

“ನಿಮ್ಮಪ್ಪ ಹೇಳಬೇಡಿ ಅಂದಿದ್ರು.”

“ನಮ್ಮಪ್ಪನ ಮಾತು ಅಮ್ಮ ಒಂದು ದಿನ ಕೇಳಿಲ್ಲ. ನೀವ್ಯಾಕೆ ಕೇಳಿದ್ರಿ?” ಎಂದು ಕಣ್ಣೊರೆಸಿಕೊಂಡಳು. “ನಾಳೆ ನಾನೂ ಬರ್ತೀನಿ ನಡೀರಿ.”

ಗುರುವಾರ ಇಬ್ಬರೂ ಕಚೇರಿ ಮುಟ್ಟುವ ಹೊತ್ತಿಗೆ ಅಲ್ಲಿ ಇನ್ನೊಂದು ನಾಟಕ ಶುರುವಾಗಿತ್ತು. ಮೊಹರಪ್ಪನ ಗೋದಾಮಿನ ಸುದ್ದಿ ಕೇಳಿದ ಸಹೋದ್ಯೋಗಿಗಳಿಗೆ ಅಲ್ಲಿನ ಹಲ್ಲಿ ಕಾಣಿಸಲಿಲ್ಲ. ಫೈಲಿಲ್ಲದ, ಸಾಹೇಬರಿಲ್ಲದ, ಕಾಲು ಚಾಚಿ ಮಲಗುವ ಜಾಗವೊಂದು ಕಂಡಿತು. ಹದಿನಾಲ್ಕು ಜನರ ಕಚೇರಿಯಲ್ಲಿ ಒಂಬತ್ತು ಮಂದಿಗೆ ರಾತ್ರೋರಾತ್ರಿ ಪ್ರೊಪಿಂಕ್ವಿಟಿ ತಗುಲಿತ್ತು. ಒಂಬತ್ತೂ ಅರ್ಜಿ ಸಾಹೇಬರ ಮೇಜಿನ ಮೇಲಿದ್ದವು. ಸಾಹೇಬರು ಕಿಟಕಿಗಳನ್ನೆಲ್ಲ ತೆಗೆಸಿ, ರೋಗಿಗಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ವಿಚಾರಿಸುತ್ತಿದ್ದರು.

“ನಿಮಗೇನಮ್ಮ ತೊಂದರೆ?”

“ಬೆರಳು ಸಾರ್,” ಎಂದಳು ಟೈಪಿಸ್ಟಮ್ಮ. “ಟೈಪು ಮಾಡುವಾಗ ಮಾತ್ರ ನೋಯುತ್ತೆ. ಮನೆಗೆ ಹೋದರೆ ಸರಿಹೋಗುತ್ತೆ.”

“ನಿನಗೇನೋ?”

“ಕರೆಗಂಟೆ ಕೇಳಿಸಲ್ಲ ಸಾರ್,” ಎಂದ ಜವಾನ. “ಉಳಿದದ್ದೆಲ್ಲ ಕೇಳಿಸುತ್ತೆ.”

ಸಾಲಿನ ಕೊನೆಯಲ್ಲಿ ಹೆಡ್‌ಕ್ಲರ್ಕು ಕಂಬಳಿ ಹೊದ್ದು ನಿಂತಿದ್ದರು. “ನೀವೂನಾ?” ಎಂದರು ಸಾಹೇಬರು ಗಾಬರಿಯಿಂದ.

“ಮಧ್ಯಾಹ್ನ ಮೂರಾದರೆ ಸಾರ್, ಫೈಲು ನೋಡಿದರೆ ಕಣ್ಣು ಮುಚ್ಚಿಕೊಂಡುಬಿಡುತ್ತೆ.”

“ಅದು ನಿಮಗೆ ಮೂವತ್ತು ವರ್ಷದಿಂದ ಇದೆಯಲ್ರೀ!”

“ಇತ್ತು ಸಾರ್. ಹೆಸರು ಈಗ ಗೊತ್ತಾಯ್ತು.”

ಅಷ್ಟರಲ್ಲಿ ಮೊಹರಪ್ಪನೂ ಅವನ ಹೆಂಡತಿಯೂ ಬಾಗಿಲಲ್ಲಿ ಕಾಣಿಸಿಕೊಂಡರು. ರೋಗಿಗಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಮೂಲೆಗೆ ಓಡಿದರು.

“ಅಲ್ಲೇ ನಿಲ್ಲಿ!” ಎಂದು ಸಾಹೇಬರು ಸ್ಕೇಲು ಎತ್ತಿ ಹಿಡಿದರು. “ನೋಡಮ್ಮ, ನಿಮ್ಮ ಯಜಮಾನರಿಂದ ಇಡೀ ಕಚೇರಿ ಮಲಗೋ ಹಾಗಾಗಿದೆ. ನಿಮಗೂ ಇದೆ ಅಂತ ಕೇಳಿದೆ.”

“ಇದೆ ಸಾರ್,” ಎಂದಳು ಅವಳು.

ಮೊಹರಪ್ಪ ಬೆಚ್ಚಿ ಅವಳ ಮುಖ ನೋಡಿದ.

“ಪ್ರೊಪಿಂಕ್ವಿಟಿ ಅಂದರೆ ಹತ್ತಿರ ಇರೋದು ಸಾರ್. ಅಷ್ಟೇ. ಇವರು ಹಿಂದಿನ ಬೀದಿಯ ಶಾಖೆ ಕೇಳಿದ್ದು ಮಧ್ಯಾಹ್ನ ಮನೆಗೆ ಊಟಕ್ಕೆ ಬರೋದಕ್ಕೆ. ನಾವಿಬ್ಬರೂ ಒಟ್ಟಿಗೆ ಕೂತು ಊಟ ಮಾಡಿ ನಾಲ್ಕು ತಿಂಗಳಾಯ್ತು.”

ಕಂಬಳಿಯೊಳಗೆ ಹೆಡ್‌ಕ್ಲರ್ಕು ಒಂದು ಅಂಗುಲ ಕುಗ್ಗಿದರು. ಸಾಹೇಬರು ಮೇಜಿನ ಮೇಲಿನ ಒಂಬತ್ತು ಅರ್ಜಿಗಳನ್ನು ಮೆಲ್ಲಗೆ ತಿರುವಿಹಾಕಿ, ಒಂದನ್ನು, ಆ ಪದದ ಜಾಗಕ್ಕೆ ಅದರ ಅರ್ಥ ಹಾಕಿ, ಜೋರಾಗಿ ಓದಿದರು: “‘ಈ ಕೆಳಗೆ ಸಹಿ ಮಾಡಿರುವ ಹೆಡ್‌ಕ್ಲರ್ಕನಾದ ನಾನು ಮೂರು ದಿನದಿಂದ ತೀವ್ರವಾದ ಹತ್ತಿರದಿಂದ ನರಳುತ್ತಿದ್ದು...’ ಯಾರ ಹತ್ತಿರದಿಂದ್ರೀ?”

“ನನಗೆ ಮೊದಲೇ ಅನುಮಾನ ಇತ್ತು ಸಾರ್,” ಎಂದರು ಹೆಡ್‌ಕ್ಲರ್ಕು.

“ಏನು ಅನುಮಾನ?”

“ಕಾಯಿಲೆ ಇರಲಾರದು ಅಂತ. ನಿಮಗೆ ಗೊತ್ತೇ ಇರುತ್ತೆ ಅಂತ ಸುಮ್ಮನಿದ್ದೆ.”

ನಿಮಗೆ ಗೊತ್ತೇ ಇರುತ್ತೆ ಎಂಬ ಮಾತಿಗೆ ಯಾವ ಸಾಹೇಬರೂ ಎದುರಾಡಿದ ದಾಖಲೆಯಿಲ್ಲ. ಇವರೂ ಕೆಮ್ಮಿದರು. “ಗೊತ್ತಿರದೆ ಏನು! ನಿಮ್ಮನ್ನೆಲ್ಲ ಪರೀಕ್ಷೆ ಮಾಡ್ತಿದ್ದೆ,” ಎಂದರು. ಆದರೆ ತುಟಿಯ ಅಂಚು ಅದುರಿತು. ಮೊದಲು ಟೈಪಿಸ್ಟಮ್ಮ ಕಿಸಕ್ಕೆಂದಳು. ಆಮೇಲೆ ಸಾಹೇಬರೇ ಮೇಜು ಬಡಿದು ನಗತೊಡಗಿದರು. ಕರೆಗಂಟೆ ಕೇಳಿಸದ ಜವಾನ ಕರೆಯದೆಯೇ ನೀರು ತಂದ.

ನಗು ನಿಂತ ಮೇಲೆ ಒಂದು ತೊಡಕು ಎದುರಾಯಿತು. ಡಾಕ್ಟರ ಸರ್ಟಿಫಿಕೇಟು ದಾಖಲೆಗೆ ಸೇರಿಬಿಟ್ಟಿತ್ತು, ಅದಕ್ಕೆ ನಂಬರೂ ಬಿದ್ದಿತ್ತು. ನಂಬರು ಬಿದ್ದದ್ದನ್ನು ಸುಳ್ಳು ಎನ್ನಲು ಇಲಾಖೆಯಲ್ಲಿ ಫಾರಮ್ಮಿಲ್ಲ.

“ಕಾಯಿಲೆ ಇರಲಿ ಬಿಡ್ರೀ,” ಎಂದು ಸಾಹೇಬರು ಪೆನ್ನು ತೆಗೆದರು. “ಅದಕ್ಕೆ ಔಷಧಿ ಬರೆಯೋಣ.” ಗೋದಾಮಿನ ಆರ್ಡರಿನ ಬೆನ್ನಿಗೇ ಬರೆದರು: ‘ರೋಗಿಯ ಸ್ಥಿತಿಯಲ್ಲಿ ಸುಧಾರಣೆ ಕಾಣಲು, ಮನೆಯ ಹಿಂದಿನ ಬೀದಿಯ ಶಾಖೆಗೆ ವರ್ಗಾಯಿಸಿದೆ. ದಿನಕ್ಕೊಂದು ಗಂಟೆ, ಊಟಕ್ಕೆ ಮುಂಚೆಯಲ್ಲ, ಊಟದ ಜೊತೆಗೆ.’

ಮೊಹರಪ್ಪ ಆರ್ಡರನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಹೆಡ್‌ಕ್ಲರ್ಕು ಕಂಬಳಿ ಮಡಚುತ್ತ, “ಒಂದು ನಿಯಮ ಇದೆ ಸಾರ್,” ಎಂದರು. “ಹತ್ತಿರ ಅನ್ನೋ ಕಾರಣಕ್ಕೆ ಕೊಟ್ಟಿದ್ದರೆ ಹತ್ತಿರ ಇದೆಯೋ ಇಲ್ಲವೋ ಸ್ಥಳದಲ್ಲಿ ಅಳೆಯಬೇಕು. ನಾವು ಅಳತೆ ಇಲಾಖೆ. ನಾಳೆ ಯಾರಾದರೂ ಕೇಳಿದರೆ?”

“ಅಳೆಯಿರಿ, ಅಳೆಯಿರಿ,” ಎಂದು ಸಾಹೇಬರು ಕೈಬೀಸಿದರು.

ಸೋಮವಾರ ಮಧ್ಯಾಹ್ನ ಒಂದು ಹೊಡೆಯಿತು. ಮೊಹರಪ್ಪ ಸುತ್ತಿಗೆ ಕೆಳಗಿಟ್ಟವನೇ ಓಡಿದ. ಮನೆಯಲ್ಲಿ ಹೆಂಡತಿ ಕಿಟಕಿಯ ಕೆಳಗೆ ಚಾಪೆ ಹಾಸಿ, ಎರಡು ತಟ್ಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಳು. ತಟ್ಟೆಗಳ ಅಂಚು ಒಂದಕ್ಕೊಂದು ತಾಗುತ್ತಿತ್ತು. ಅವಳು ಒಗೆದ ಸೀರೆ ಉಟ್ಟಿದ್ದಳು. ನಾಲ್ಕೂ ಮಡಿಕೆಗೆ ಇಸ್ತ್ರಿ. “ಬಂದ್ರಾ?” ಎಂದಳು. “ಬಂದೆ,” ಎಂದ. ಎಷ್ಟೋ ದಿನದ ಮೇಲೆ ಚೀಟಿಯಿಲ್ಲದೆ ನಡೆದ ಮಾತುಕತೆ. ಅವನು ಕೈತೊಳೆಯಲು ಹಿತ್ತಲಿಗೆ ಹೋದ.

ಬರುವಷ್ಟರಲ್ಲಿ ಅಳತೆಯ ಟೇಪು ಹೊಸ್ತಿಲು ದಾಟಿತ್ತು. ಒಂದು ತುದಿ ಶಾಖೆಯ ಬಾಗಿಲಿಗೆ ಕಟ್ಟಿತ್ತು, ಇನ್ನೊಂದು ಜವಾನನ ಕೈಯಲ್ಲಿತ್ತು. ಅವನ ಹಿಂದೆ ಹೆಡ್‌ಕ್ಲರ್ಕು, ಅವರ ಹಿಂದೆ ಲೆಕ್ಕ ಬರೆದುಕೊಳ್ಳಲು ಟೈಪಿಸ್ಟಮ್ಮ, ಆಮೇಲೆ ಎಲ್ಲವೂ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡಲು ಖುದ್ದು ಸಾಹೇಬರು. ರೋಗಿಗೆ ಎಷ್ಟು ಗುಣವಾಗಿದೆ ಎಂದು ನೋಡಲು ಡಾಕ್ಟರೂ ಬಂದರು. ತಮ್ಮ ಪದ ಗೆದ್ದದ್ದನ್ನು ಕಣ್ಣಾರೆ ಕಾಣಲು ಮಾವ ಬಂದರು. ಕಾಯಿಲೆಯಿಲ್ಲ ಎಂದು ತಿಳಿದ ಸಂತೋಷಕ್ಕೆ ದೊಡ್ಡಮ್ಮ ಒಂದು ಸ್ಟೂಲನ್ನೂ ತಂದು ಅದರ ಮೇಲೆ ಕೂತರು.

ಹತ್ತಡಿಗೆ ಹನ್ನೆರಡಡಿಯ ಕೋಣೆ. ಬಂದವರಿಗೆ ಊಟವಿಲ್ಲ ಎನ್ನಲಾದೀತೇ? ಹೆಂಡತಿ ಮನೆಯಲ್ಲಿದ್ದ ತಟ್ಟೆಗಳನ್ನೆಲ್ಲ ಇಳಿಸಿದಳು. ಸಾಹೇಬರು ಚಾಪೆಯ ಮೇಲೆ ಅವಳ ಒಂದು ಪಕ್ಕ ಕೂತು, “ಊಟ ಅಂದರೆ ಇದು ಕಣ್ರೀ,” ಎಂದರು. ಇನ್ನೊಂದು ಪಕ್ಕ ಮಾವ ಕೂತು ಡಾಕ್ಟರಿಗೆ ಪ್ರೊಪಿಂಕ್ವಿಟಿಯ ಮೂಲ ಹೇಳತೊಡಗಿದರು. “ಪುಸ್ತಕದಲ್ಲಿ ಹಾಗೇ ಇದೆ,” ಎನ್ನುತ್ತಿದ್ದರು ಡಾಕ್ಟರು. ಟೇಪು ಸಾರಿನ ಪಾತ್ರೆಯಲ್ಲಿ ಬಿತ್ತೆಂದು ಹೆಡ್‌ಕ್ಲರ್ಕು ಜವಾನನಿಗೆ ಬೈದರು. ಬಿಸಿಯಾಗಿದೆಯೋ ಎಂದು ನೋಡಿದೆ ಎಂದ ಜವಾನ. ಟೈಪಿಸ್ಟಮ್ಮನೂ ದೊಡ್ಡಮ್ಮನೂ ತಮ್ಮ ತಮ್ಮ ಸೊಸೆಯರ ವಿಷಯಕ್ಕೆ ಇಳಿದಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಒಟ್ಟಿಗೆ ನಗುತ್ತಿದ್ದರು.

ಮೊಹರಪ್ಪ ಒದ್ದೆ ಕೈ ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಾಹೇಬರ ಭುಜದ ಮೇಲಿಂದ ಹೆಂಡತಿ ಅವನನ್ನು ನೋಡಿ ಕಣ್ಣಲ್ಲೇ ನಕ್ಕಳು. ಗಂಟೆ ಒಂದೂಮುಕ್ಕಾಲು. ಅವನು ಗಂಟಲು ಸರಿಮಾಡಿಕೊಂಡ.

“ಯಾರಾದರೂ ಒಬ್ಬರು ಸ್ವಲ್ಪ ಆ ಕಡೆ ಸರೀತೀರಾ? ನಾನು ಅವಳ ಪಕ್ಕ ಕೂತ್ಕೋಬೇಕು.”